ತೊಗರಿ ಕಟ್ಟಿಗೆಯ ಉರಿ

ಸಪ್ನಾಳ ಅಪ್ಪನವರಿಗೆ,

ನಾನು ಗುಡಿಗೆ ಪುರಾಣ ಕೇಳಲು ಹೋಗಿದ್ದೇನೆ. ಹಕ್ಕಿ ನೋಡಲು ಬಂದವರು ಬೋನಾಳ ಕೆರೆಯಿಂದ ವಾಪಸು ಬರುವಷ್ಟರಲ್ಲಿ ಅವರಿಗೆ ಬಾಡಿಗೆಗೆ ಕೊಟ್ಟ ಮನೆಯ ಗೋಡೆಯೊಲೆ ಹಚ್ಚಿ ಕೋಣೆ ಬೆಚ್ಚಗೆ ಮಾಡಿರಿ. ಇವತ್ತು ಅದು ನಿಮ್ಮ ಕೆಲಸ.

ಮೊದಲು ಹೊಗೆ ಕೊಳವೆಯ ತಗಡು ಸರಿಸಿರಿ. ಹೋದ ವಾರ ಮರೆತಿರಿ, ಪಾಪ ಆಗ ಬಂದಿದ್ದವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿ ಬಂದರು.

ಹೊತ್ತಿಸಲು ಒಂದು ಹಿಡಿ ತೊಗರಿ ಕಟ್ಟಿಗೆ ಸಾಕು, ಆಮೇಲೆ ಜಾಲಿಯ ದಪ್ಪ ಕೊರಡು ಇಡಿ. ನೀವು ಅವರ ಫೋಟೋ ಚಂದ ಬರಲೆಂದು ಹೊರೆಗಟ್ಟಲೆ ತೊಗರಿ ಕಟ್ಟಿಗೆಯನ್ನೇ ಒಟ್ಟುತ್ತೀರಿ. ಭುಗ್ಗೆಂದು ಉರಿದು, ಅವರು ಚಪ್ಪಾಳೆ ತಟ್ಟುವಷ್ಟರಲ್ಲಿ ಬೂದಿ. ಆಮೇಲೆ ಗುಡಿಯ ಬಾಗಿಲಿಗೆ ಬಂದು, "ಏ ಪರಿಮಳಾ, ಬೆಂಕಿ ಆರ್ಯಾದ, ಲಗೂ ಬಾ!" ಅನ್ನುತ್ತೀರಿ. ಹೆಂಗಸರು ನಗುತ್ತಾರೆ: "ಹೋಗವ್ವಾ, ನಿನ್ನ ಗಂಡಗ ಥಂಡಿ ಹತ್ತಾಕತ್ತದ."

ದಿನವೂ ಹೀಗೇ. ಶಾಸ್ತ್ರಿಗಳು ಪದ್ಯ ಹಾಡುವವರೆಗೆ ಕೂತಿರುತ್ತೇನೆ, ಅರ್ಥ ಹೇಳುವಾಗ ಒಲೆಯ ಮುಂದಿರುತ್ತೇನೆ. ಚಳಿಗಾಲ ಪೂರ್ತಿ ಆ ಒಲೆ ನನ್ನನ್ನು ಕಟ್ಟಿಹಾಕಿದೆ. ಗುಡಿಯಲ್ಲಿ ಕೂತರೂ ಕಿವಿ ನಿಮ್ಮ ಕೂಗಿನ ಕಡೆಗೇ ಇರುತ್ತದೆ.

ಇವತ್ತು ಪುರಾಣದ ಮುಕ್ತಾಯ. ಸೆರೆಯಲ್ಲಿಟ್ಟ ರಾಣಿ ಹೊರಗೆ ಬಂದಳೋ ಇಲ್ಲವೋ, ನನಗಿನ್ನೂ ಗೊತ್ತಿಲ್ಲ. ಬೆಂಕಿ ಆರಿದರೆ ಅವರಿಗೆ ಕೌದಿ ಕೊಡಿ, ಟ್ರಂಕಿನ ಮೇಲಿವೆ. ನಾವು ಹೊದ್ದು ಮಲಗುವುದಿಲ್ಲವೇ?

ನನ್ನನ್ನು ಕರೆಯಲು ಬರಬೇಡಿ. ಬಂದರೆ ಚಪ್ಪಲಿ ಬಿಟ್ಟು ಒಳಗೆ ಕೂತು ಕೇಳಿರಿ. ನಾನಂತೂ ಏಳುವುದಿಲ್ಲ.

ಪರಿಮಳಾ