ಹಾಜರಿಯೊಳಗ ಕರೆದ ಹೆಸರು

ಲಿಂಗಸುಗೂರು
೧೮ ಫೆಬ್ರುವರಿ ೧೯೯೧

ಗೆಳತಿ ಕಸ್ತೂರೆಮ್ಮಗ,

ನಿನ್ನ ಅಖ್ತರಬೇಗಂ ಮಾಡೋ ಸಲಾಮು, ಅದರ ಮ್ಯಾಲೆ ನಿಮ್ಮ ರೀತಿ ಶರಣು. ಮಸ್ಕಿಯಿಂದ ನಿನ್ನ ಕಾಗದ ಬಂದು ಭಾಳ ದಿನ ಆತು. ಬೈಬ್ಯಾಡ ಬೇ. ಬರಿಯಾಕ ಕುಂತ್ರ ಎರಡು ಸಾಲಿಗೆ ಪೆನ್ನು ಇಟ್ಟು ಎದ್ದುಬಿಡ್ತಿದ್ದೆ. ನಮ್ಮವ್ವ ರಾಜಾಬೀಗ ಮೊಣಕಾಲು ಬ್ಯಾನಿ. ಬಾಯಿಗೆ ಮಾತ್ರ ಏನೂ ಆಗಿಲ್ಲ.

"ನಮ್ಮ ಶಿವಬಸಮ್ಮ ಇನ್ನೂ ನಿನ್ನ ಟ್ಯೂಷನ್ನಿಗೆ ಬರ್ತಾಳಂತ, ಖರೇ ಏನು?" ಅಂತ ಬರದಿದ್ದಿ. ಸತ್ತ ಮಗಳ ಬಗ್ಗೆ ತಾಯಿ ಹಿಂಗ ಕೇಳೋ ಹಂಗ ಆತಲ್ಲ, ಯಾ ಅಲ್ಲಾ! ಬಸ್ಸಿನ್ಯಾಗ ನಿನಗ ಹೇಳಿದಾಂವ ಸೂಗಪ್ಪನ ಇರಬೇಕು. ಬಳಗಾನೂರಿನ ಹುಡುಗ, ನನ್ನ ಹತ್ರ ಬಿ.ಎ. ಪಾಠಕ್ಕ ಬರ್ತಿದ್ದ. ಅವನ ಬಾಯಾಗ ಎಳ್ಳು ನೆನೆಯಂಗಿಲ್ಲ. ಆದ್ರ ಈ ಸಲ ಅಂವ ಸುಳ್ಳು ಹೇಳಿಲ್ಲವ್ವ. "ನನ್ನ ಬಗ್ಗೆ ಏನಾರ ಕೇಳ್ತಾಳೇನು?" ಅಂತಾನೂ ಬರದಿದ್ದಿ. ಅದು ಆಮ್ಯಾಲೆ. ಮೊದಲು ನಡೆದದ್ದು ಕೇಳು.

ಸಂಕ್ರಾಂತಿ ಆದ ವಾರ, ದೀಪ ಹಚ್ಚೋ ಹೊತ್ತು. ಕರೆಂಟ್ ಹೋಗಿತ್ತು. ಅವ್ವ ಒಳಗ ಕಂದೀಲಿನ ಗ್ಲಾಸು ಒರಸಾಕತ್ತಿದ್ಲು. ಪಡಸಾಲ್ಯಾಗ ಕುಂತ ಹುಡುಗರ ಮಾರಿ ಒಂದೂ ಕಾಣವಲ್ದು. ನನ್ನ ಚಟ ನಿನಗ ಗೊತ್ತಲ್ಲ, ಹಾಜರಿ ಕರಿಲಾರದ ಪಾಠ ಶುರು ಮಾಡಂಗಿಲ್ಲ. ಹೆಸರೆಲ್ಲಾ ಬಾಯಿಪಾಠ. ನಾಲಿಗಿ ತನ್ನಷ್ಟಕ್ಕ ತಾನ ಓಡಿತು, "ಶಿವಬಸಮ್ಮ" ಅಂದೇಬಿಟ್ಟೆ. ದೀಪಾವಳಿ ಮುಂದ ಜ್ವರದಾಗ ಹೋದ ಕೂಸಿನ ಹೆಸರು, ಅದೂ ದೀಪ ಹಚ್ಚೋ ಹೊತ್ತಿನ್ಯಾಗ! ನಿಮ್ಮ ಮನ್ಯಾಗೂ ನಮ್ಮ ಮನ್ಯಾಗೂ ಹಿರೇರು ಆ ಹೊತ್ತಿಗೆ ಸತ್ತೋರ ಹೆಸರು ಕರೀಬ್ಯಾಡ್ರಿ, ಬಂದುಬಿಡ್ತಾರ ಅಂತಿದ್ದದ್ದು ಇದಕ್ಕ.

"ಹಾಜರ್ ರೀ ಟೀಚರ್," ಅಂತ ಗ್ವಾಡಿ ಮೂಲ್ಯಾಗಿಂದ ಬಂತು.

ಯಾವಾಕಿನೋ ಚಾಷ್ಟಿ ಮಾಡ್ಯಾಳ ಅಂತ ನನಗ ಸಿಟ್ಟು ಬಂತು. ಅಷ್ಟರಾಗ ಅವ್ವ ಕಂದೀಲು ತಂದಿಟ್ಟಳು. ಆ ಮೂಲ್ಯಾಗ ಚಾಪಿ ಅಷ್ಟ ಇತ್ತು. ಅವತ್ತು ಹೆಣ್ಣುಮಕ್ಕಳು ಒಬ್ರೂ ಬಂದಿರಲಿಲ್ಲ ಕಸ್ತೂರೆಮ್ಮ.

ಮರುದಿನ ಅದೇ ಹೊತ್ತಿಗೆ ಆ ಮೂಲ್ಯಾಗಿಂದ ಪ್ರಶ್ನೆ ಬಂತು. "ಟೀಚರ್, ಅಶೋಕ ನಮ್ಮ ಮಸ್ಕಿ ಕಲ್ಲಿನ ಮ್ಯಾಲೆ ತನ್ನ ಹೆಸರು ಯಾಕ ಕೆತ್ತಿಸಿದ?" ಪಾಠ ಮಾಡೋರ ಬಾಯಿ, ಪ್ರಶ್ನೆ ಕೇಳಿದ್ರ ಸುಮ್ಮನಿರ್ತೈತೇನು? ಹೇಳಿಬಿಟ್ಟೆ. ಸೂಗಪ್ಪ ಅಷ್ಟೂ ಬರಕೊಂಡ. ಆಮ್ಯಾಲೆ ತಲಿ ಎತ್ತಿ, "ಕೇಳಿದೋರು ಯಾರ್ರೀ ಟೀಚರ್?" ಅಂದ. ಹುಡುಗರು ಚಪ್ಪಲಿ ಬಿಟ್ಟು ಓಡಿದ್ರು ನೋಡು. ಈಗ ಪಾಠಕ್ಕ ಯಾರೂ ಬರಂಗಿಲ್ಲ. ನಾನು, ಅವ್ವ, ಆ ಮೂಲಿ.

ಆಕಿ ಮಾತ್ರ ದಿನಾ ಬರ್ತಾಳ. ಇಂಗ್ಲಿಷ್ ಪಾಠದಾಗ ಹಾಳುಬಿದ್ದ ಕೋಟೆ, ದೆವ್ವ ಇರೋ ಕಾದಂಬರಿ ಬರ್ತಾವಲ್ಲ, ಒಂದಿನ ಅದನ್ನ ತಗದ್ಲು. "ಆ ದೆವ್ವ ಹಳೇ ಮನ್ಯಾಗ ಯಾಕ ಇರ್ತಾವ್ರೀ? ಹೊಸ ಮನಿಗೆ ಯಾಕ ಹೋಗಂಗಿಲ್ಲ?" ಹಳೇ ಮನಿ ಅಂದ್ರ ಆ ಮನೆತನದ ಹಳೇ ಪಾಪ, ಅದಕ್ಕ ಹಂಗ ಬರೀತಾರ ಅಂತ ಪರೀಕ್ಷಾದ ಉತ್ತರ ಹೇಳಿದೆ. ಆಮ್ಯಾಲೆ, "ಹಂಗಲ್ರೀ ಟೀಚರ್. ಬ್ಯಾರೆ ಮನಿ ಬಾಗಲಾನ ಕಾಣಂಗಿಲ್ಲ," ಅಂದ್ಲು. ಕಂದೀಲಿನ ಬತ್ತಿ ಏರಿಸಿದೆ, ಆದ್ರೂ ಥಂಡಿ ಹೋಗಲಿಲ್ಲ.

ಮತ್ತೊಂದಿನ ತತ್ವಶಾಸ್ತ್ರ. "ದೇಹ ಬಿಟ್ಟ ಆತ್ಮಕ್ಕ ನೆನಪು ಉಳೀತೈತೇನ್ರೀ?" ಒಂದೊಂದು ದರ್ಶನ ಒಂದೊಂದು ಹೇಳ್ತೈತಿ ಅಂದೆ. "ಅವು ಇರ್ಲಿ. ನೀವೇನು ಹೇಳ್ತೀರಿ?" ಅಂದ್ಲು. ನಾ ಅತ್ತುಬಿಟ್ಟೆ ಬೇ. ಇಷ್ಟು ವರ್ಷ ಪಾಠ ಮಾಡೀನಿ, ನಿಮ್ಮ ಮನಸ್ಸೇನು ಅಂತ ನನ್ನ ಕೇಳಿದೋರು ಯಾರೂ ಇಲ್ಲ.

ಕುರಾನ್ ಓದಿ, ಉಸಿರು ಊದಿ ಆಕಿನ್ನ ಕಳಸಾಕ ಯಾರನ್ನಾರ ಕರಸೂಣು ಅಂದ್ರ ಅವ್ವ ನನಗ ಗದರಿದಳು. "ಕರದಾಕಿ ನೀನ, ಕಳಸಬೇಕಾದಾಕಿನೂ ನೀನ. ಕೇಳಿದ್ದಕ್ಕೆಲ್ಲಾ ಉತ್ತರ ಹೇಳು. ಓದೋ ಕೂಸು, ಅರ್ಧಕ್ಕ ಬಿಟ್ಟು ಹ್ಯಾಂಗ ಹೋದೀತು?" ಅವ್ವನ ಮಾತು ಖರೇ ಆಗಾಕತ್ತೈತಿ. ಒಂದೊಂದು ಉತ್ತರಕ್ಕ ಆಕಿ ಧ್ವನಿ ಸಣ್ಣ ಆಗಾಕತ್ತೈತಿ. ಈಗ ಒಂದ ಪ್ರಶ್ನೆ ಉಳದೈತಿ. ಅದಕ್ಕ ಉತ್ತರ ಸಿಕ್ಕರ ಹೋಗ್ತಾಳ, ಸಿಗದಿದ್ರ ಆ ಮೂಲ್ಯಾಗ ಉಳೀತಾಳ. ನಾ ದಿನಾ "ನಾಳೆ ಹೇಳ್ತೀನವ್ವ" ಅಂತ ದೂಡಾಕತ್ತೀನಿ. ನಿನ್ನ ಸಲುವಾಗಿ.

ಕಾಗದ ಮುಟ್ಟಿದ ದಿನಾನ ಬಸ್ ಹತ್ತಿ ಬಂದುಬಿಡು. ಹೊತ್ತು ಮುಳಗೋದ್ರೊಳಗ ಮನಿ ಮುಟ್ಟು. ನಿನ್ನ ಸಣ್ಣ ಮಗ ಮರಿಸ್ವಾಮಿಗೆ ನನ್ನ ಆಶೀರ್ವಾದ, ಚಂದಗೆ ಓದಲಿ, ನೂರು ವರ್ಷ ಬಾಳಲಿ. ಊಟ ಬಿಡಬ್ಯಾಡ. ನಿಮ್ಮ ಶಿವ, ನಮ್ಮ ಅಲ್ಲಾ, ಇಬ್ರೂ ನಿನ್ನ ಎದಿ ಗಟ್ಟಿ ಮಾಡಲಿ.

ನಿನ್ನ
ಅಖ್ತರ

ತಾ.ಕ.: ನಿನ್ನ ಬಗ್ಗೆ ಕೇಳ್ತಾಳೇನು ಅಂದಿದ್ದಿ. ಕೇಳ್ಯಾಳ. ಉಳದ ಪ್ರಶ್ನೆ ಅಂದ್ರ ಅದೇ. "ನನ್ನ ಮಣ್ಣಿಗೆ ಒಯ್ಯುವಾಗ ಓಣಿ ಮಂದಿ ಅತ್ತಿದ್ದು ಕೇಳಿಸ್ತು ಟೀಚರ್. ನಮ್ಮವ್ವನ ಧ್ವನಿ ಯಾಕ ಕೇಳಿಸಲಿಲ್ಲ?" ಲಿಂಗೈಕ್ಯ ಆದೋರ ಮುಂದ ಹಡದಾಕಿ ಅಳಬಾರದು ಅಂತ ನಿಮ್ಮ ಮನಿ ಹಿರೇರು ನಿನ್ನ ಬಾಯಿಗೆ ಸೆರಗು ಒತ್ತಿ ಹಿಡದಿದ್ದು ನಾ ಕಣ್ಣಾರೆ ನೋಡೀನಿ. ನಾನ ಹೇಳಿಬಿಡಬೌದು. ಆದ್ರ ಆಕಿ ಕೇಳಿದ್ದು ನನ್ನ ಧ್ವನಿ ಅಲ್ಲ. ನೀ ಬಾ ಕಸ್ತೂರೆಮ್ಮ. ಬಂದು ಆ ಮೂಲ್ಯಾಗ ಕುಂತು ಬಾಯಿ ಬಿಟ್ಟು ಅಳು.