ಬಚ್ಚಲಿನ ಗೋಡೆಗೆ ಒಂದು ಹಿಡಿಕೆ

ಇವರೇ,

ಅಸ್ಸಲಾಮು ಅಲೈಕುಮ್. ನೀವು ಇದ್ದಾಗಲೇ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ ನಾನು, ಈಗ ಕಾಗದದಲ್ಲಿ ಕರೆಯಲು ನಾಚಿಕೆ. ಹೆಂಗಸರು ಮಣ್ಣು ಮಾಡಿದ ಜಾಗಕ್ಕೆ, ಖಬರಿನ ಹತ್ತಿರ, ಹೋಗುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನೆಲ್ಲ ಬರೆದೇ ಹೇಳುತ್ತೇನೆ.

ಇವತ್ತು ನಿಮ್ಮ ಡ್ರಿಲ್ ಮೆಷಿನನ್ನು ಚೀಲದಿಂದ ಹೊರಗೆ ತೆಗೆದೆ. ಮೂಡುಬಿದಿರೆಯಲ್ಲಿ ಯಾರದೋ ಅಡುಗೆಮನೆಗೆ ಕಪಾಟು ಕೂರಿಸುವಾಗ ನೀವು ಕುಸಿದುಬಿದ್ದ ದಿನ, ನಿಮಗಿಂತ ಮೊದಲು ಮನೆಗೆ ಬಂದದ್ದು ಅದು. ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಹಾರಿಸ್ ಅದನ್ನು ತಂದು ಜಗಲಿಯಲ್ಲಿಟ್ಟಿದ್ದ. ಅಂದಿನಿಂದ ಆ ಚೀಲದ ಜಿಪ್ಪನ್ನು ನಾನು ಮುಟ್ಟಿರಲಿಲ್ಲ.

ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಕೆಲಸ ಸುರು ಮಾಡುವ ಮೊದಲು ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕಿವಿಗೆ ಮುಚ್ಚಳ. ವಯರು ಎಲ್ಲಾದರೂ ಸುಲಿದಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿ ನೋಡುವುದು. ಗೋಡೆ ಕೊರೆಯುವ ಬಿಟ್ ಬಿಗಿಯುವ ಕೀಯನ್ನಂತೂ ಪ್ಲಗ್ಗಿನ ಬುಡಕ್ಕೇ ದಾರದಲ್ಲಿ ಕಟ್ಟಿದ್ದಿರಿ. ನಾನು ನಕ್ಕಾಗ, "ಬಿಟ್ ಬದಲಿಸ್ಲಿಕ್ಕೆ ಕೀ ಬೇಕು, ಕೀ ಬೇಕಾದ್ರೆ ಪ್ಲಗ್ ಎಳೀಲೇಬೇಕು. ಕರೆಂಟ್ ಇರುವಾಗ ಬಿಟ್ಟಿಗೆ ಕೈ ಹಾಕುವ ಪ್ರಶ್ನೆಯೇ ಇಲ್ಲ ಮಾರಾಯ್ತಿ" ಎಂದಿದ್ದಿರಿ. ಅಷ್ಟು ಜಾಗ್ರತೆಯ ಮನುಷ್ಯ ಆ ಕೊನೆಯ ದಿನ ಬೆಳಿಗ್ಗೆ ಎದೆ ತಿಕ್ಕಿಕೊಂಡು, "ಗ್ಯಾಸ್, ಬೇರೆ ಎಂತದೂ ಇಲ್ಲ" ಎಂದು ಚಹಾ ಕೂಡ ಕುಡಿಯದೆ ಬೈಕ್ ಹತ್ತಿದಿರಿ. ಒಂದು ವಯರಿಗೆ ಕೊಟ್ಟ ಮರ್ಯಾದೆಯನ್ನು ನಿಮ್ಮ ಎದೆಗೆ ಕೊಡಲಿಲ್ಲ.

ನಿಮ್ಮ ಉಮ್ಮನ ಸುದ್ದಿ ಹೇಳುತ್ತೇನೆ. ಮರೆವು ಹೆಚ್ಚಾಗಿದೆ. ನೀವು ಇಲ್ಲವೆಂಬುದು ಅವರ ತಲೆಯಲ್ಲಿ ನಿಲ್ಲುವುದಿಲ್ಲ. "ನಿಝಾಮ್ ಬಂದನಾ?" ಎಂದು ಕೇಳುತ್ತಲೇ ಇರುತ್ತಾರೆ. ಮೊದಮೊದಲು ನಿಜ ಹೇಳಿದೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ತಿಳಿದವರ ಹಾಗೆ ಅತ್ತರು. ಒಂದೇ ಸಾವನ್ನು ಒಬ್ಬ ತಾಯಿಗೆ ಎಷ್ಟು ಸಲ ಹೇಳುವುದು? ಈಗ "ಕೆಲಸಕ್ಕೆ ಹೋಗಿದ್ದಾರೆ" ಎನ್ನುತ್ತೇನೆ.

ಮೊನ್ನೆ ಅವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಅಲ್ಲಾಹನ ದಯೆ, ಮೂಳೆ ಮುರಿಯಲಿಲ್ಲ. ಹಿಡಿದುಕೊಳ್ಳಲಿ ಎಂದು ನೀವು ಗುರುವಾಯನಕೆರೆಯಿಂದ ತಂದ ಸ್ಟೀಲಿನ ಹಿಡಿಕೆ ಪೆಟ್ಟಿಗೆಯಲ್ಲೇ ಇತ್ತು. ಊರವರ ಗೋಡೆಗಾದರೆ ಇವತ್ತೇ, ನಮ್ಮ ಗೋಡೆಗೆ ಮಾತ್ರ ಯಾವಾಗಲೂ ಬರುವ ಶುಕ್ರವಾರ! ಹಾರಿಸ್ ತಾನು ಹಾಕಿಕೊಡುತ್ತೇನೆಂದ. ಬೇಡವೆಂದೆ. ಮೆಷಿನಿನ ಸದ್ದು ಕೇಳಿದರೆ ಉಮ್ಮ ನೀವೇ ಬಂದಿರೆಂದು ಎದ್ದು ಬರುತ್ತಾರೆ. ಬಂದು ನೋಡಿದಾಗ ಅಲ್ಲಿ ಇನ್ನೊಬ್ಬ ಗಂಡಸು ನಿಂತಿದ್ದರೆ ನಾನು ಏನೆಂದು ಸಮಾಧಾನ ಮಾಡಲಿ? ಇವತ್ತು ಅವರು ಊಟ ಮಾಡಿ ಮಲಗಿದ ಮೇಲೆ ನಾನೇ ಹಾಕಲು ಹೊರಟೆ.

ನಮ್ಮ ಅಡುಗೆಮನೆಯ ಟೈಲ್ಸ್ ಗೋಡೆಯ ಕಿಟಕಿಗೆ ಪರದೆ ಹಾಕುವ ದಿನ ಮೆಷಿನನ್ನು ನನ್ನ ಕೈಗೂ ಕೊಟ್ಟು ಕಲಿಸಿದ್ದಿರಲ್ಲ, ಆ ಮಾತುಗಳೆಲ್ಲ ನೆನಪಿದ್ದವು. "ಟೈಲ್ಸಿಗೆ ಹ್ಯಾಮರ್ ಹಾಕಬೇಡ, ಮೆಷಿನ್ ಕುಟ್ಟಿ ಕುಟ್ಟಿ ಕೊರೀತದೆ, ಟೈಲ್ಸ್ ಒಡೀತದೆ. ಸ್ಪೀಡ್ ಕಮ್ಮಿ ಇಡು, ಮೆಲ್ಲ ಹೋಗುವ. ಟೈಲ್ಸ್ ದಾಟಿದ ಮೇಲೆ ಹ್ಯಾಮರ್." ನೆಲದ ನೀರು ಒರೆಸಿದೆ. ಬಿಟ್ ಜಾರದಂತೆ ಗುರುತಿನ ಮೇಲೆ ಟೇಪ್ ಅಂಟಿಸಿದೆ. ವಯರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟು ಎರಡೂ ಕೈಯಲ್ಲಿ ಹಿಡಿದೆ. ಬಿಳಿ ಪುಡಿ ಸಣ್ಣಗೆ ಉದುರಿತು. ಆಮೇಲೆ ಟೈಲ್ಸಿನ ಬಿಟ್ ತೆಗೆದು ಗೋಡೆಯ ಬಿಟ್ ಹಾಕಬೇಕಿತ್ತು, ಕೀಗಾಗಿ ಪ್ಲಗ್ ಎಳೆದೆ. ಈ ಸಲ ನಗು ಬರಲಿಲ್ಲ. ಹ್ಯಾಮರಿಗೆ ತಿರುಗಿಸಿ ಗುಂಡಿ ಒತ್ತಿದಾಗ ಮನೆಯಿಡೀ ನಿಮ್ಮ ಸದ್ದು ತುಂಬಿತು. ಕಣ್ಣು ಮಂಜಾದರೂ ಕೈ ಬಿಡಲಿಲ್ಲ.

ಕೊನೆಯ ಸ್ಕ್ರೂ ಬಿಗಿದು ತಿರುಗಿದರೆ ಉಮ್ಮ ಬಾಗಿಲಲ್ಲಿದ್ದರು. ನನ್ನನ್ನು ದಾಟಿ ಬಂದು ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದರು. "ನನ್ನ ಮಗ ಹಾಕಿದ್ದು. ಅಲ್ಲಾಡುದಿಲ್ಲ" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡದೆ ಎಷ್ಟು ಕಾಲವಾಗಿತ್ತೋ. "ಹೌದು ಉಮ್ಮ, ಈಗಷ್ಟೇ ಹಾಕಿ ಹೋದ್ರು" ಎಂದೆ.

ಅವರು ಅಡುಗೆಮನೆಯ ಕಡೆಗೆ ನೋಡಿದರು. ಒಲೆಯ ಮೇಲೆ ಏನೂ ಇರಲಿಲ್ಲ.

"ಚಹಾ ಕುಡಿಯದೆ ಹೋದನಾ? ನೀನು ಹೇಗೆ ಬಿಟ್ಟೆ ಹಫ್ಸ?"

ಬಿಟ್ ಬಿಚ್ಚಿ ಒರೆಸಿ ಚೀಲದಲ್ಲಿಟ್ಟೆ. ಕೀಯ ದಾರ ಸಡಿಲವಾಗಿತ್ತು, ಇನ್ನೊಂದು ಗಂಟು ಹಾಕಿದೆ. ಆಮೇಲೆ ಚಹಾಕ್ಕೆ ನೀರಿಟ್ಟು ನಿಮ್ಮ ಗ್ಲಾಸನ್ನೂ ತೊಳೆದು ತಂದೆ.

ಅಲ್ಲಾಹನು ನಿಮ್ಮ ಖಬರನ್ನು ಬೆಳಗಲಿ. ಅಲ್ಲಿ ನಿಮ್ಮ ಎದೆಗೆ ಯಾವ ನೋವೂ ಇಲ್ಲದಿರಲಿ.

ಈಗಲೂ ನಿಮ್ಮವಳು,
ಹಫ್ಸ
ಸಿದ್ಧಕಟ್ಟೆ