ಹೆಸರು ಹೇಳದೆ ಕೊಂಡ ಸೋಪು

ಮಾರ್ಚ್ 5, 1996. ಮಂಗಳವಾರ. ಮಧ್ಯಾಹ್ನ

ಟೂತ್‌ಪೇಸ್ಟ್ ಸರ್ವೆ ಇವತ್ತಿಗೆ ಮುಗಿಯಿತು. ಕೊನೆಯ ಫಾರಂ ಹಿಂದಿನ ಬೀದಿಯ ಕೋನಪ್ಪ ತಾತನದು. ಯಾವ ರುಚಿ ಇಷ್ಟ, ನೊರೆ ಜಾಸ್ತಿ ಬೇಕೋ ಕಡಿಮೆಯೋ... ಎಲ್ಲಕ್ಕೂ ಬಾಯಿಗೆ ಟವಲ್ ಅಡ್ಡ ಹಿಡಿದು ಯೋಚಿಸಿ ಯೋಚಿಸಿ ಉತ್ತರ ಹೇಳಿದರು. ಎದ್ದು ಹೊರಡುವಾಗ ಟವಲ್ ತೆಗೆದು ನಕ್ಕರು. ಒಂದು ಹಲ್ಲೂ ಇಲ್ಲ! "ನನ್ನನ್ನ ಯಾರೂ ಏನೂ ಕೇಳಲ್ಲ ಕಣಮ್ಮ. ನೀನು ಕೇಳ್ದೆ, ಹೇಳ್ದೆ" ಅಂದರು. ಫಾರಂ ಹರಿದು ಹಾಕಿ, ಪಕ್ಕದ ಮನೆಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಫಾರಂ ತೆಗೆದುಕೊಂಡು ಹೋಗಲು ಸೂಪರ್‌ವೈಸರ್ ವೆಂಕಟೇಶಮೂರ್ತಿ ಸಾರ್ ಚಿಕ್ಕಬಳ್ಳಾಪುರದಿಂದ ಬಂದಿದ್ದರು. ಹೊಸ ಕೆಲಸ ತಂದಿದ್ದಾರೆ. ಫಾರಂ ಹಿಡಿದು ಮನೆ ಮನೆ ಸುತ್ತುವುದಲ್ಲ. ಗಿರಾಕಿಯ ಹಾಗೆ ಅಂಗಡಿಗೆ ಹೋಗಬೇಕು. "ಬಟ್ಟೆ ಒಗೆಯೋ ಸೋಪು ಕೊಡಿ" ಅನ್ನಬೇಕು, ಅಷ್ಟೇ. ಹೆಸರು ಹೇಳುವಂತಿಲ್ಲ. ಚೌಕಾಸಿ ಮಾಡುವಂತಿಲ್ಲ. ಅಂಗಡಿಯವನು ಕಂಪನಿಯ ನೀಲಿ ಸೋಪು ಕೊಟ್ಟನೋ ಬೇರೆಯದು ಕೊಟ್ಟನೋ, ಅದನ್ನು ಬರೆಯಬೇಕು. ನಾವು ಯಾರು ಅಂತ ಅವನಿಗೆ ಗೊತ್ತಾಗಕೂಡದು.

"ನಿಮಗೇ ಸರಿಹೋಗೋ ಕೆಲಸ ಖುರ್ಷಿದಮ್ಮ. ಬುರ್ಖಾ ಇದೆ. ಯಾರಿಗೆ ಗೊತ್ತಾಗುತ್ತೆ?" ಅಂದರು.

ಚಿಂತಾಮಣಿ, ಚಿಕ್ಕಬಳ್ಳಾಪುರ, ನಮ್ಮ ಶಿಡ್ಲಘಟ್ಟ, ಗೌರಿಬಿದನೂರು — ನಾಲ್ಕೂ ಊರು ಸರಿಯಾಗಿ ಮಾಡಿದರೆ ಖಾಯಂ ಮಾಡಿಸುತ್ತಾರಂತೆ. ಬೆಂಗಳೂರಿನಿಂದ ಆರ್ಡರ್ ಬರುತ್ತದಂತೆ. ಖಾಯಂ!

ಮಾರ್ಚ್ 8, ಶುಕ್ರವಾರ

ಕೆಂಚಾರ್ಲಹಳ್ಳಿಯಿಂದ ಅಣ್ಣ ಅಬ್ದುಲ್ ಸತ್ತಾರ್ ಬಂದಿದ್ದ. ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ, ಹಾಗೇ ಇಲ್ಲಿಗೆ. ಅತ್ತೆಯ ಮುಂದೆಯೇ ಮಾತು ತೆಗೆದ.

"ಅಮಾನುಲ್ಲಾ ತೀರಿಹೋಗಿ ಎರಡು ವರ್ಷ ಆಯ್ತು. ಗಂಡ ಇಲ್ಲದ ಮನೇಲಿ ಇನ್ನೂ ಎಷ್ಟು ದಿನ ಇರ್ತೀಯ? ಬಕ್ರೀದ್ ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ."

ಕೆಲಸ ಇದೆ ಅಂದೆ.

"ಇವತ್ತು ಪೇಸ್ಟು, ನಾಳೆ ಟೀಪುಡಿ. ಇದೊಂದು ಕೆಲಸಾನಾ? ಖಾಯಂ ಆಗಿದ್ರೆ ನಾನ್ಯಾಕೆ ಮಾತಾಡ್ತಿದ್ದೆ?"

ಕೆಟ್ಟವನಲ್ಲ. ನನ್ನ ಮೇಲೆ ಪ್ರಾಣ. ಆದರೆ ಅವನ ಮನೆಗೆ ಹೋದರೆ ಅತ್ತಿಗೆಯ ಅಡುಗೆಮನೆಯಲ್ಲಿ ನಾನು ಇನ್ನೊಂದು ಕೈ, ಅಷ್ಟೇ. ಅತ್ತೆ ಇಲ್ಲಿ ಒಬ್ಬರೇ. ನನಗೆ ಹೋಗಲು ಇಷ್ಟವಿಲ್ಲ. ಬಾಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆದೆ. ಕನ್ನಡ ಅತ್ತೆಗೂ ಓದಲು ಬರುವುದಿಲ್ಲ, ಅಣ್ಣನಿಗೂ ಬರುವುದಿಲ್ಲ. ಒಳ್ಳೆಯದೇ ಆಯಿತು.

ಅತ್ತೆ ಅಣ್ಣನಿಗೆ ಟೀ ಕೊಟ್ಟರು. ಸಕ್ಕರೆ ಮರೆತಿದ್ದರು. ಯಾವತ್ತೂ ಮರೆಯುವವರಲ್ಲ.

ಅವನು ಹೋದ ಮೇಲೆ ಲೋಟ ತೊಳೆದಿಟ್ಟರು. ಆಮೇಲೆ: "ಆ ಸೋಪಿನ ಕೆಲಸಕ್ಕೆ ನಾನೂ ಬರ್ತೀನಿ. ಸೊಸೆ ಒಬ್ಬಳೇ ಊರೂರು ಸುತ್ತಿದ್ರೆ ಜನ ಏನಂತಾರೆ?"

ಜನದ ಮಾತು ನೆಪ. ಗೊತ್ತು ನನಗೆ.

ಮಾರ್ಚ್ 12, ಮಂಗಳವಾರ. ಸಂಜೆ

ಚಿಂತಾಮಣಿ ಆಯಿತು. ನನಗಿಂತ ಅತ್ತೆಗೇ ಕಷ್ಟ. ನಮ್ಮತ್ತೆ ಹಮೀದಾ ಬೇಗಂ ಅಂದರೆ ನಮ್ಮ ಬೀದಿಯಲ್ಲಿ ಕೊತ್ತಂಬರಿ ಮಾರುವವಳೂ ಗಾಡಿ ತಿರುಗಿಸುತ್ತಾಳೆ, ಅಂಥ ಚೌಕಾಸಿ. ಮೊದಲನೇ ಅಂಗಡಿಯಲ್ಲಿ ರೇಟು ಕೇಳಿದ ಕೂಡಲೇ "ಏನು!" ಅಂದರು. ನಾನು ಕಾಲು ತುಳಿದೆ. ಹೊರಗೆ ಬಂದು ಬೈದದ್ದೇ ಬೈದದ್ದು: "ಅವನು ಹೇಳಿದ ರೇಟು ನಾವು ಕೊಡೋದಾ? ಇದು ಯಾವ ಸೀಮೆ ಕೆಲಸ?"

ಆಮೇಲೆ ಅವರೇ ಉಪಾಯ ಹುಡುಕಿದರು. ಅಂಗಡಿ ಹತ್ತುವ ಮುಂಚೆ ಬಾಯಿ ತುಂಬ ಎಲೆ ಅಡಿಕೆ. ಬಾಯಿ ತೆರೆದರೆ ಬುರ್ಖಾ ಹಾಳು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡಿದ್ದೆ. ಪರದೆಯ ಒಳಗೆ ಎಷ್ಟು ನಕ್ಕರೂ ಯಾರಿಗೂ ಕಾಣದು. ನನ್ನ ಯಜಮಾನರು ಹೋದ ಮೇಲೆ ಹೀಗೆ ನಕ್ಕಿದ್ದು ಇವತ್ತೇ ಇರಬೇಕು.

ಮಾರ್ಚ್ 26

ಕಳೆದ ವಾರ ಚಿಕ್ಕಬಳ್ಳಾಪುರ. ತೊಂದರೆ ಇಲ್ಲ. ಇವತ್ತು ನಮ್ಮ ಊರು. ಬೇರೆ ಅಂಗಡಿಗಳಲ್ಲೆಲ್ಲ ಸಲೀಸು. ಕೊನೆಗೆ ಬೀದಿ ಕೊನೆಯ ಗಂಗುಲಪ್ಪನವರ ಅಂಗಡಿ. ನಮ್ಮ ಮನೆಯ ಸಾಮಾನೆಲ್ಲ ಅಲ್ಲಿಂದಲೇ ಬರುವುದು. ಅತ್ತೆಯ ಬಾಯಲ್ಲಿ ಎಲೆ ಅಡಿಕೆ, ನಾನು ದನಿ ಬದಲಾಯಿಸಿ "ಸೋಪು ಕೊಡಿ" ಅಂದೆ. ಗಂಗುಲಪ್ಪ ನಮ್ಮಿಬ್ಬರನ್ನೂ ನೋಡಿದರು. ನೀಲಿ ಸೋಪು ಕೈಗೆ ಸಿಗುವ ಹಾಗೇ ಇತ್ತು. ಅದನ್ನು ಬಿಟ್ಟು ಒಳಗಿನಿಂದ ಹಳದಿ ಬಾರ್ ಸೋಪು ತಂದು ಕೊಟ್ಟರು. ಅಗ್ಗದ್ದು.

ಇದ್ದದ್ದನ್ನು ಇದ್ದ ಹಾಗೆ ಬರೆದೆ. ಏನು ಮಾಡುವುದು, ಕೆಲಸ.

ಏಪ್ರಿಲ್ 16, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಎಲ್ಲ ಸರಿಯಾಗಿತ್ತು, ಬರೆಯಲು ಏನೂ ಇರಲಿಲ್ಲ. ಇವತ್ತು ಸರಿಯಿಲ್ಲ.

ಬೆಳಿಗ್ಗೆ ಬೇಳೆ ತರಲು ಗಂಗುಲಪ್ಪನವರ ಅಂಗಡಿಗೆ ಅತ್ತೆಯ ಜೊತೆ ಹೋಗಿದ್ದೆ. ಅತ್ತೆ ಯಥಾಪ್ರಕಾರ ಜಗಳ ತೆಗೆದರು. ಗಂಗುಲಪ್ಪನವರಿಗೆ ಖುಷಿಯೋ ಖುಷಿ.

"ಅಬ್ಬ, ಈಗ ಸಮಾಧಾನ ಆಯ್ತು ಬೀಬಮ್ಮ. ಅವತ್ತು ನೀವಿಬ್ರೂ ಬಂದು ನಿಂತ್ರಲ್ಲ, ನನ್ ಜೀವಾನೇ ಹೋಯ್ತು."

ಯಾವತ್ತು ಅಂದೆ.

"ಸೋಪಿಗೆ ಬಂದಿದ್ರಲ್ಲಮ್ಮ. ಬುರ್ಖಾ ಹಾಕ್ಕೊಂಡ್ರೆ ಗೊತ್ತಾಗಲ್ವಾ? ಬೀಬಮ್ಮನ ಟೈರ್ ಚಪ್ಪಲಿ ಸದ್ದು ಬೀದಿಗೆಲ್ಲ ಗೊತ್ತು. ಯಾವಾಗ್ಲೂ ನೀಲಿ ಸೋಪು ಅಂತ ಹೆಸರು ಹೇಳಿ ಕೇಳೋರು, ಅವತ್ತು ಹೆಸರೂ ಇಲ್ಲ, ಚೌಕಾಸೀನೂ ಇಲ್ಲ. ಕೈ ಬಿಗಿ ಇದೆ, ಅಗ್ಗದ್ದು ಅಂತ ಕೇಳಕ್ಕೆ ನಾಚಿಕೆ ಅಂದ್ಕೊಂಡೆ. ಕೇಳೋ ಮುಂಚೆ ನಾನೇ ಕೊಟ್ಬಿಟ್ಟೆ. ತಪ್ಪು ತಿಳ್ಕೋಬೇಡಿ."

ಅತ್ತೆ ತಲೆ ತಗ್ಗಿಸಿದರು. ನಾನು ನೀಲಿ ಸೋಪು ಎಲ್ಲಿ ಅಂದೆ, ಮಾತು ಬದಲಿಸಲು. ಅಲಮಾರಿಯಲ್ಲಿ ಅದರ ಜಾಗ ಖಾಲಿಯಿತ್ತು.

"ಕಂಪನಿ ವ್ಯಾನು ನಮ್ಮ ಅಂಗಡಿ ಮುಂದೆ ನಿಲ್ಲಿಸ್ತಾನೇ ಇಲ್ಲಮ್ಮ. ಲಿಸ್ಟಿಂದ ತೆಗೆದಿದ್ದಾರಂತೆ. ಯಾಕೋ ಏನೋ."

ಯಾಕೆ ಅಂತ ನನಗೆ ಗೊತ್ತು. ಮರ್ಯಾದೆ ಉಳಿಸಲು ಕೊಟ್ಟ ಸೋಪನ್ನೇ ನಾನು ಅವರ ತಪ್ಪು ಅಂತ ಬರೆದೆ.

ಬೇಳೆ ಮರೆತು ಬಂದೆವು. ಮಂಗಳವಾರ ಮಂಗಳವಾರ ಬರುವ ಮೂರ್ತಿ ಸಾರ್ ಇವತ್ತು ಬರುವುದಿಲ್ಲ, ಬೆಂಗಳೂರಿನಲ್ಲಿ ಮೀಟಿಂಗು. ಹೇಳಿದರೆ ಗುರುತು ಸಿಕ್ಕಿತು ಅಂತ ಒಪ್ಪಿಕೊಂಡ ಹಾಗೆ. ಕೆಲಸ ಹೋಗುತ್ತದೆ. ಬಕ್ರೀದ್ ಹತ್ತಿರವೇ ಇದೆ. ಹೇಳದಿದ್ದರೆ...

ಏಪ್ರಿಲ್ 18

ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಸುಮ್ಮನೆ ನೀರು ಬೆರೆಸಿ ಉಂಡರು.

"ಹೇಳ್ಬಿಡು ಬೇಟಿ" ಅಂದರು.

"ಹೇಳಿದ್ರೆ ಭಾಯಿ ಕರ್ಕೊಂಡು ಹೋಗ್ತಾರೆ ಅಮ್ಮಿ."

"ಗೊತ್ತು. ಆದ್ರೂ ಹೇಳು. ಆ ಮನುಷ್ಯನ ಅಂಗಡಿ ಮುಂದೆ ನಾನು ಹೇಗೆ ಓಡಾಡ್ಲಿ?"

ಹೇಳಿ ಒಳಗೆ ಹೋಗಿ, ಕಾಣದ ಹಾಗೆ ಅತ್ತರು. ನನಗೆ ಕೇಳಿಸಿತು.

ಏಪ್ರಿಲ್ 23, ಮಂಗಳವಾರ

ಹೇಳಿದೆ. ಚಪ್ಪಲಿ, ಎಲೆ ಅಡಿಕೆ, ಗಂಗುಲಪ್ಪ, ಎಲ್ಲ. ಮೂರ್ತಿ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಗುರುತು ಸಿಕ್ಕಿದ್ರೆ ಈ ಊರಿನ ಫಾರಂ ಅಷ್ಟೂ ವೇಸ್ಟ್ ಕಣಮ್ಮ. ನಾನು ಆಫೀಸಿಗೆ ಏನು ಹೇಳ್ಲಿ?" ಅಂದರು. ಟೀ ಕುಡಿಯದೆ ಹೋದರು.

ಮುಗಿಯಿತು ಅನ್ನಿಸುತ್ತದೆ. ಆದರೂ ಎದೆ ಹಗುರ. ಇದೇನು ವಿಚಿತ್ರ.

ಏಪ್ರಿಲ್ 30, ಮಂಗಳವಾರ

ನಿನ್ನೆ ಬಕ್ರೀದ್. ಅಣ್ಣ ಬಂದು ಹೋದ. ಗುರುವಾರ ಕರೆದುಕೊಂಡು ಹೋಗುತ್ತೇನೆ, ಬಟ್ಟೆ ಕಟ್ಟಿಟ್ಟಿರು ಅಂದ. ಕಟ್ಟಿದೆ. ಟ್ರಂಕಿನ ಮೇಲೆ ಗಂಟು ಕೂತಿದೆ.

ಇವತ್ತು ಮೂರ್ತಿ ಸಾರ್ ಬಂದರು! ಬರಲಾರರು ಅಂದುಕೊಂಡಿದ್ದೆ. ಗಂಗುಲಪ್ಪನವರ ಹೆಸರು ಮತ್ತೆ ಲಿಸ್ಟಿಗೆ ಸೇರಿಸಿದ್ದಾರಂತೆ, ವ್ಯಾನು ನಿಲ್ಲುತ್ತದಂತೆ. ಮತ್ತೆ ಇದು: "ಈ ಕೆಲಸ ಮಾಡೋ ಬೇರೆಯವರ ಫಾರಂ ಎಲ್ಲಾ ಊರಿಂದ್ಲೂ ಬಂದಿದೆ. ಅಂಗಡಿಯವರಿಗೆ ಒಬ್ಬರ ಗುರುತೂ ಸಿಕ್ಕಿಲ್ವಂತೆ. ಆಫೀಸಿನವರು ಅದನ್ನೇ ನಂಬ್ತಿಲ್ಲ. ನಿಮ್ಮೊಬ್ರದು ಮಾತ್ರ ನಂಬ್ತಾರೆ." ಇನ್ನು ಮೇಲೆ ಯಾರಿಗೂ ಸ್ವಂತ ಊರು ಕೊಡುವುದಿಲ್ಲ. ಗುರುವಾರ ಗೌರಿಬಿದನೂರು. ನಮ್ಮ ಹಿಂದೆಯೇ ಅವರೂ ಅಂಗಡಿಗೆ ಹೋಗಿ ವಿಚಾರಿಸುತ್ತಾರೆ. ಪಾಸಾದರೆ ಖಾಯಂ. ಹೋಗುವಾಗ ಬಾಗಿಲಲ್ಲಿ ನಿಂತು, "ಬೀಬಮ್ಮ, ಮೊದ್ಲು ಆ ಚಪ್ಪಲಿ ಬಿಡಿ" ಅಂದರು.

ಗುರುವಾರವೇ ಅಣ್ಣ ಬರುವುದು. ಏನು ಮಾಡುವುದು ಅಂತ ಅತ್ತೆಯನ್ನು ಕೇಳಿದೆ. "ಗೌರಿಬಿದನೂರು ಬಸ್ ಸ್ಟ್ಯಾಂಡಿಗೇ ಬರ್ಲಿ. ನಿನ್ನ ಕೆಲ್ಸ ಏನು ಅಂತ ಕಣ್ಣಾರೆ ನೋಡ್ಲಿ" ಅಂದರು. ಎಸ್‌ಟಿಡಿ ಬೂತಿನಿಂದ ಅಣ್ಣನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಗೊಣಗಿದ. ಬರುತ್ತಾನೆ.

ಮೇ 2, ಗುರುವಾರ. ಗೌರಿಬಿದನೂರು ಬಸ್ ಸ್ಟ್ಯಾಂಡ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗುವ ತನಕ ತಡೆಯಲಾರೆ.

ಪಾಸ್! ಮೂರ್ತಿ ಸಾರ್ ಎಲ್ಲ ಅಂಗಡಿಗೂ ಹೋಗಿ ಬಂದರು. ಒಬ್ಬನಿಗೂ ಗುಮಾನಿ ಇಲ್ಲ. ಇನ್ನೊಂದು ವಾರದಲ್ಲಿ ಆರ್ಡರ್ ಬರುತ್ತದೆ, ನಾನು ಮಾತು ಕೊಡುತ್ತೇನೆ ಅಂದರು. ಅತ್ತೆಗೂ ಬಸ್ ಚಾರ್ಜು ಕೊಡಿಸುತ್ತಾರಂತೆ. ಅತ್ತೆ ಎಲೆ ಅಡಿಕೆಗೂ ಕೇಳು ಅಂತ ನನಗೆ ತಿವಿದರು.

ಇಬ್ಬರಿಗೂ ಹೊಸ ಚಪ್ಪಲಿ. ನಿನ್ನೆ ಕೊಂಡದ್ದು. ಅಲ್ಲಿ ಅತ್ತೆಯನ್ನು ತಡೆಯುವವರು ಯಾರೂ ಇರಲಿಲ್ಲ. ಅಂಗಡಿಯವನು ಕೊನೆಗೆ ಕೈ ಮುಗಿದ.

ಅಣ್ಣ ಬಂದಿದ್ದಾನೆ. ಕೈಯಲ್ಲಿ ನನ್ನ ಗಂಟು ಹೊರಲು ತಂದ ಖಾಲಿ ಚೀಲ. ಪ್ರತಿ ಬುರ್ಖಾದ ಕಾಲನ್ನೂ ನೋಡುತ್ತಾ ಬಂದ. ನಮ್ಮ ಬೆಂಚಿನ ಮುಂದೆ ನಿಂತ. ನಮ್ಮ ಕಾಲು ನೋಡಿದ. ಮುಂದೆ ಹೋದ!

ನನ್ನ ಸ್ವಂತ ಅಣ್ಣ. ಎತ್ತಿ ಆಡಿಸಿದವನು.

ಅತ್ತೆ ಪರದೆಯೊಳಗೆ ಬಿದ್ದು ಬಿದ್ದು ನಗುತ್ತಿದ್ದಾರೆ. "ಈಗ್ಲೇ ಕರೀಬೇಡ್ವೇ, ಇನ್ನೊಂದು ಸುತ್ತು ಹೊಡೀಲಿ." ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ಮತ್ತೆ ಈ ಕಡೆಗೇ ಬರುತ್ತಿದ್ದಾನೆ. ಪಾಪ, ಬೆವರುತ್ತಿದ್ದಾನೆ. ಇನ್ನು ಸಾಕು, ಕರೆಯುತ್ತೇನೆ. ಅವತ್ತು ಬಾಯಿಗೆ ಬಾರದ ಮಾತು ಈಗ ನಾಲಿಗೆಯ ತುದಿಯಲ್ಲೇ ಇದೆ. ಭಾಯಿ, ನಾನು ಎಲ್ಲಿಗೂ—